ಕಪ್ಪತಗುಡ್ಡ ಹತ್ತೋಕೆ 3,000 ರೂಪಾಯಿ ಬ್ಯಾಂಡ್ ಸಾಕಾ, 20,000ದ ವಾಚೇ ಬೇಕಾ?

ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತೋಕೆ ಅಗ್ಗದ ಫಿಟ್‌ನೆಸ್ ಬ್ಯಾಂಡ್ ಸಾಕಾ, ದುಬಾರಿ ವಾಚ್ ಬೇಕಾ, ಅದು ತೋರಿಸೋ ಹಾರ್ಟ್‌ರೇಟ್ (ಎದೆಬಡಿತ) ಕಥೆ ಏನು ಅಂತ ನೀವು ಬರೆದು ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಹುಬ್ಬಳ್ಳಿಯಲ್ಲಿ ಅಂಗಡಿ ಅಂಗಡಿ ತಿರುಗಿದ್ದೆ. ಕೊನೆಗೆ 3,000ದ ಒಳಗೇ ಒಂದು ವಾಚ್ ತಗೊಂಡೆ. ಬಾಕ್ಸ್ ಮೇಲೆ ದೊಡ್ಡದಾಗಿ ಜಿಪಿಎಸ್ ಅಂತ ಬರೆದಿತ್ತು. ನನಗೆ ಅಷ್ಟು ಸಾಕಾಗಿತ್ತು.

ಡಿಸೆಂಬರ್ ತಿಂಗಳು. ಜೊತೆಗೆ ಅಕ್ಕನ ಮಗ, ಅವನಿಗಾಗ 13 ವರ್ಷ. ಗುಡ್ಡದ ಬುಡದ ಡೋಣಿ ಊರಿನ ಕಡೆಯಿಂದ ಹತ್ತಿದೆವು. ಬೆನ್ನಿಗೆ ಎಳೆಬಿಸಿಲು, ಎದುರಿಗೆ ಗುಡ್ಡದ ಸಾಲಿನುದ್ದಕ್ಕೂ ಗಾಳಿ ಫ್ಯಾನುಗಳು. ಮೇಲೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಅದನ್ನು ಹುಡುಕಿ ಹುಡುಕಿಯೇ ಮೊಬೈಲ್ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ, ಅಲ್ವಾ? ಅದಕ್ಕೇ ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ವಾಚ್ ಇದೆಯಲ್ಲ, ನಡೆದ ದಾರಿಯನ್ನೆಲ್ಲ ಅದೇ ಬರೆದಿಟ್ಟುಕೊಳ್ಳುತ್ತೆ ಅಂದುಕೊಂಡೆ.

ತಪ್ಪಾಗಿದ್ದು ಇಲ್ಲೇ. ಇದನ್ನ ಪೂರ್ತಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಂಗಡಿಯಲ್ಲಿ ಯಾರೂ ನನಗೆ ಹೇಳಲಿಲ್ಲ.

ಈ ವಾಚುಗಳಲ್ಲಿ ಎರಡು ಜಾತಿ. ಒಂದರಲ್ಲಿ ಜಿಪಿಎಸ್ ಒಳಗೇ ಇರುತ್ತದೆ. ಅದು ನೇರವಾಗಿ ಉಪಗ್ರಹಗಳ ಸಿಗ್ನಲ್ ಹಿಡಿಯುತ್ತದೆ, ಸಿಮ್ಮೂ ಬೇಡ, ನೆಟ್‌ವರ್ಕೂ ಬೇಡ. ಇನ್ನೊಂದಕ್ಕೆ ಸ್ವಂತದ್ದು ಇರೋದಿಲ್ಲ. ಬ್ಲೂಟೂತ್‌ನಲ್ಲಿ ನಿಮ್ಮ ಮೊಬೈಲಿನ ಜಿಪಿಎಸ್ ಅನ್ನೇ ಕಡ ತಗೊಳ್ಳುತ್ತದೆ. ಇದನ್ನೇ 'ಕನೆಕ್ಟೆಡ್ ಜಿಪಿಎಸ್' ಅನ್ನೋದು. ನನ್ನದು ಈ ಎರಡನೇ ಜಾತಿ. ನಾನು ಮೊಬೈಲ್ ಬಂದ್ ಮಾಡಿದ ಗಳಿಗೆಯಿಂದ ಆ ವಾಚಿಗೆ ನಾವು ಎಲ್ಲಿದ್ದೇವೆ ಅಂತ ಗೊತ್ತೇ ಇರಲಿಲ್ಲ.

ಆದರೂ ಅದರ ಮೇಲೆ ಕಿಲೋಮೀಟರ್ ಏರುತ್ತಲೇ ಇತ್ತು! ಅದಕ್ಕೇ ನಾನು ನಂಬಿದ್ದು. ಆ ಲೆಕ್ಕ ಹೇಗೆ ಬರುತ್ತೆ ಅಂದ್ರೆ, ಒಳಗಿರೋ ಸೆನ್ಸರ್ ನಮ್ಮ ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸುತ್ತದೆ. ಒಂದು ಹೆಜ್ಜೆ ಇಷ್ಟುದ್ದ ಅಂತ ಒಂದು ಅಂದಾಜು ಹಿಡಿದು ಗುಣಿಸುತ್ತದೆ. ಕಡಿದಾದ ಏರಿನಲ್ಲಿ ನಾವು ಇಡೋದು ಗಿಡ್ಡ ಹೆಜ್ಜೆ. ಅದು ಅದಕ್ಕೆ ತಿಳಿಯೋದಿಲ್ಲ. ಯಾವ ದಿಕ್ಕಿಗೆ ಹೆಜ್ಜೆ ಇಟ್ಟಿರಿ ಅನ್ನೋದಂತೂ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಧ್ಯಾಹ್ನ ಮೂರರ ಮೇಲೆ ಇಳಿಯೋಕೆ ಶುರು ಮಾಡಿದೆವು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಏರುವಾಗ ವಾಚ್ 5.2 ಕಿಲೋಮೀಟರ್ ತೋರಿಸಿದೆ, ಮತ್ತೆ 5.2 ನಡೆದರೆ ಊರು. ಎರಡು ಕಾಲುದಾರಿ ಕೂಡುವಲ್ಲಿ ತಪ್ಪು ಕಡೆ ಹಿಡಿದೆ. ಫ್ಯಾನ್ ಗುರುತಿಟ್ಟುಕೊಂಡಿದ್ದೆ, ಆದರೆ ಎತ್ತ ನೋಡಿದರೂ ಅಂಥದ್ದೇ ಫ್ಯಾನು. ಸೊಂಟದೆತ್ತರ ಒಣಹುಲ್ಲಿನಲ್ಲಿ ದಾರಿ ಬರಬರುತ್ತ ಸಣ್ಣದಾಯಿತು.

ಆಗ ಹುಡುಗ ಕೇಳಿದ, "ಮಾಮಾ, ಡೋಣಿ ಕಡೆ ಹೊಂಟ್ರ ಬಿಸ್ಲು ಬೆನ್ನಿಗೆ ಇರ್ಬೇಕಲ್ಲ? ಕಣ್ಣಿಗ್ಯಾಕ ಹೊಡ್ಯಾಕತ್ತೈತಿ?"

ಬೆಳಿಗ್ಗೆ ಪಡುವಣಕ್ಕೆ ಮುಖ ಮಾಡಿ ಏರಿದ್ದೆವು. ಸಂಜೆ ಮೂಡಣಕ್ಕೆ ಇಳಿಯಬೇಕು. ಹಾಗಾದರೆ ಎರಡೂ ಹೊತ್ತು ಬಿಸಿಲು ಬೆನ್ನಿಗೇ ಇರಬೇಕು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮುಂಗೈ ನೋಡಿಕೊಂಡು, "ಇನ್ನ ಒಂದೂವರಿ ಕಿಲೋಮೀಟರ್ ಐತಿ, ಸುಮ್ನ ನಡಿ" ಅಂದೆ. ಆ ಮಾತು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

5.2 ಮುಗಿಯಿತು. ಊರಿಲ್ಲ. ಮೊಬೈಲ್ ಆನ್ ಮಾಡಿ ವಾಚಿನ ಆ್ಯಪ್ ತೆಗೆದೆ. ಹೆಜ್ಜೆ ಇತ್ತು, ಕ್ಯಾಲೊರಿ ಇತ್ತು, ಮ್ಯಾಪ್ ಇರಬೇಕಾದ ಜಾಗ ಖಾಲಿ. ಮೊಬೈಲಿನ ಮ್ಯಾಪ್ ತೆಗೆದರೆ ನೀಲಿ ಚುಕ್ಕೆಯೇನೋ ಬಂತು, ಸುತ್ತ ಬರೀ ಬೂದು ಬಣ್ಣ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿರಲಿಲ್ಲ, ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಬಾಟಲಿಯಲ್ಲಿ ಎರಡು ಗುಟುಕು ನೀರು. ಹುಡುಗ ಏನೂ ಮಾತಾಡದೆ ನನ್ನ ಅಂಗಿ ಚುಂಗು ಹಿಡಿದುಕೊಂಡ.

ಕುರಿಗಳ ಗಂಟೆ ಕೇಳಿಸಿದ್ದು ನಮ್ಮ ಪುಣ್ಯ. ಕಂಬಳಿ ಹೊದ್ದ ಅಜ್ಜ ನಮ್ಮನ್ನ ನೋಡಿದ ಕೂಡಲೇ, "ದ್ವಾಣಿಗೆ ಹೊಂಟವ್ರು ಇತ್ಲಾಗ್ಯಾಕ ಬಂದ್ರಿ ತಮ್ಮಾ? ಇದು ಶಿರಹಟ್ಟಿ ಕಡೀ ದಾರಿ" ಅಂದರು. ಕ್ಯಾನಿನಿಂದ ಹುಡುಗನ ಬೊಗಸೆಗೆ ನೀರು ಹೊಯ್ದರು. ಕುರಿ ಹೊಡೆದುಕೊಂಡೇ ಡಾಂಬರು ರಸ್ತೆವರೆಗೆ ಬಂದು ಬಿಟ್ಟರು. "ದುಡ್ಡು ಬ್ಯಾಡ, ಹುಡುಗಗ ಏನರ ತಿನ್ಸು" ಅಂದರು. ರಸ್ತೆಗೆ ಬರುವಾಗ ಪೂರ್ತಿ ಕತ್ತಲಾಗಿತ್ತು. ಅಕ್ಕ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. 3,000ವೋ 20,000ವೋ ಅಂತ ಕೇಳಲೇಬೇಡಿ. ಮೊಬೈಲ್ ಬಂದ್ ಇದ್ದಾಗ ಅದು ದಾರಿ ಬರೆಯುತ್ತಾ ಅಂತ ಕೇಳಿ. ಅಂಗಡಿಯವರ ಬಾಯಿಮಾತು ನಂಬಬೇಡಿ. ತಗೊಂಡ ಮೇಲೆ ಮೊಬೈಲ್ ಮನೆಯಲ್ಲಿಟ್ಟು ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ ಮೇಲೆ, ಇಲ್ಲ ನೃಪತುಂಗ ಬೆಟ್ಟದ ಮೇಲೆ ನಡೆದು ಬನ್ನಿ. ಮನೆಗೆ ಬಂದು ವಾಚನ್ನು ಮೊಬೈಲಿನ ಆ್ಯಪ್‌ಗೆ ಜೋಡಿಸಿ ಸಿಂಕ್ ಮಾಡಿದಾಗ ಮ್ಯಾಪ್ ಮೇಲೆ ಗೆರೆ ಬಂದರೆ ಸರಿ, ಬರದಿದ್ದರೆ ಅದು ಹೆಜ್ಜೆ ಎಣಿಸೋ ಯಂತ್ರ ಅಷ್ಟೇ. ಗೆರೆ ಬಂತು ಅಂದ್ರೂ ಗುಡ್ಡದ ಮೇಲೆ ಅದೇ ಗೆರೆ ಹಿಡಿದು ವಾಪಸ್ ಬರೋಕೆ ಸ್ಕ್ರೀನಿನಲ್ಲೇ ತೋರಿಸುತ್ತಾ ನೋಡಿಕೊಳ್ಳಿ. ಎಷ್ಟೋ ವಾಚುಗಳು ತೋರಿಸೋದಿಲ್ಲ. ಜಿಪಿಎಸ್ ಹಾಕಿದರೆ ಸಾಮಾನ್ಯವಾಗಿ ಬ್ಯಾಟರಿ ದಿನಗಟ್ಟಲೆ ಬರೋದಿಲ್ಲ, ಗಂಟೆ ಲೆಕ್ಕ.

ಹಾರ್ಟ್‌ರೇಟ್ ಬಗ್ಗೆಯೂ ಕೇಳಿದ್ದೀರಿ. ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಓಟ ನೋಡುತ್ತದೆ. ಪಟ್ಟಿ ಸಡಿಲ ಇದ್ದರೆ ಕೈ ಬೀಸಿದ್ದನ್ನೇ ಬಡಿತ ಅಂತ ಎಣಿಸಬಹುದು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಏದುಸಿರು ಬಂದರೆ ನಂಬರ್ ಎಷ್ಟೇ ಇರಲಿ, ಕೂತುಬಿಡಿ.

ನನ್ನ ಕೇಳಿದರೆ ಈ ಸಲ ವಾಚನ್ನೇ ಬಿಡಿ. ಆ ದುಡ್ಡಲ್ಲಿ ಪವರ್ ಬ್ಯಾಂಕ್ ತಗೊಳ್ಳಿ, ಮೊಬೈಲಿನಲ್ಲಿ ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಒಬ್ಬೊಬ್ಬರಿಗೆ ಮೂರು ಲೀಟರ್ ಅಂತ ನೀರು ಹೊರಿ. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ, ಚಿರತೆ, ತೋಳ ಇರೋ ಜಾಗ. ಅರಣ್ಯ ಇಲಾಖೆಯವರನ್ನ ಕೇಳಿಯೇ ಹೋಗಿ, ದಾರಿ ಬಲ್ಲ ಊರಿನವರೊಬ್ಬರನ್ನ ಕರೆದುಕೊಳ್ಳಿ, ಕೂಲಿ ಕೊಡಿ. ಜೊತೆಗೆ ಮಕ್ಕಳು ಬರ್ತಾರಾ ಅಂತ ನೀವು ಬರೆದಿಲ್ಲ. ಬರೋದಾದರೆ ದಯವಿಟ್ಟು ಹೋಗೋ ಮುಂಚೆ ನನಗೊಂದು ಮಾತು ತಿಳಿಸಿ, ನಾವು ಎಡವಿದ ಆ ಕೂಡುದಾರಿ ಎಲ್ಲಿದೆ ಅಂತ ಗುರುತು ಹೇಳ್ತೀನಿ.