ಮಾತಾಡಿಸಿದರು ಅಂದರೆ ಏನು ತಪ್ಪು?

ಸೋಮವಾರಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು 'ಶಾಸಕರು ಮನೆ ಕಳೆದುಕೊಂಡವರನ್ನು ಮಾತಾಡಿಸಿದರು' ಅಂತ ಅಚ್ಚು ಹಾಕಿದ್ದು ಅವರಿಗೆ ಸರಿಬಂದಿಲ್ಲ. 'ಮಾತಾಡಿಸು ಎಂಬುದು ಅಡುಗೆಮನೆ ಮಾತು. ಸಂವಾದ ನಡೆಸಿದರು ಎಂದೋ, ಯೋಗಕ್ಷೇಮ ವಿಚಾರಿಸಿದರು ಎಂದೋ ಬರೆಯಿರಿ. ಬೇಕಿದ್ದರೆ ನಿಘಂಟು ನೋಡಿ' ಎಂದು ಅವರ ಸಲಹೆ.

ಮೇಷ್ಟ್ರೇ, ಪತ್ರಿಕೆಯನ್ನು ಇಷ್ಟು ಕಣ್ಣಿಟ್ಟು ಓದುವವರು ಇನ್ನೂ ಇದ್ದಾರಲ್ಲ, ಅದೇ ಖುಷಿ. ಸಂವಾದಕ್ಕೂ ಒಂದು ಜಾಗ ಇದೆ, ಒಪ್ಪಿದೆ. ವೇದಿಕೆ, ಮೈಕು, ನೀರಿನ ಬಾಟಲಿ ಇದ್ದ ಕಡೆ ಅದು ಇರಲಿ. ಅಡುಗೆಮನೆ ಮಾತು ಅಂತ ಬೈದಿರಲ್ಲ, ನನ್ನ ತಕರಾರು ಅಲ್ಲಿ.

ನಾನು ಸಣ್ಣವನಿದ್ದಾಗ ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಒಂದು ಗಳಿಗೆ ಬಿಡುವು ಕೊಟ್ಟರೆ ಸಾಕು, 'ಮೇಲಿನ ಮನೆ ಅಜ್ಜಿಯನ್ನು ಮಾತಾಡಿಸಿಕೊಂಡು ಬಾ' ಅಂತ ಅಮ್ಮ ಅಟ್ಟುತ್ತಿದ್ದಳು. ಅಜ್ಜಿ ಒಲೆಬೂದಿಯಲ್ಲಿ ಹಲಸಿನ ಬೀಜ ಸುಡುತ್ತಾ ಕೂತಿರುತ್ತಿದ್ದಳು. ಒಂದೊಂದನ್ನೇ ಕೆದಕಿ ತೆಗೆದು, ಉಗುರಲ್ಲಿ ಸಿಪ್ಪೆ ಬಿಡಿಸಿ, ನನ್ನ ಅಂಗೈಗೆ ಹಾಕಿ, ತನ್ನ ಸೊಂಟನೋವು, ಸತ್ತ ಎಮ್ಮೆ, ಕಾಗದ ಹಾಕದ ಮಗ, ಎಲ್ಲಾ ಹೇಳುತ್ತಿದ್ದಳು. ನಾನು 'ಹೇಗಿದ್ದೀರಿ ಅಜ್ಜಿ' ಅಂದಿದ್ದಷ್ಟೇ. ಉಳಿದ ಒಂದು ಗಂಟೆ ಬಾಯಿ ತುಂಬಾ ಹಲಸಿನ ಬೀಜ.

ಆದರೂ ಮಾತಾಡಿಸಿದವನು ನಾನೇ ಅಲ್ವಾ? ಮಾಡು, ಮಾಡಿಸು. ಓದು, ಓದಿಸು. ಹಾಗೇ ಮಾತಾಡು, ಮಾತಾಡಿಸು. ಅವರು ಮಾತಾಡುವ ಹಾಗೆ ಮಾಡುವುದು, ಅಷ್ಟೇ ನಮ್ಮ ಪಾಲು. ಸಂವಾದದಲ್ಲಿ ಈ ಗುಣ ಎಲ್ಲಿದೆ? ಅಲ್ಲಿ ಗಣ್ಯರು ಮುಕ್ಕಾಲು ಗಂಟೆ ಹೇಳುತ್ತಾರೆ, ಜನ ಕೊನೆಗೆ ಚಪ್ಪಾಳೆ ತಟ್ಟುತ್ತಾರೆ.

ಇನ್ನು ನಿಮ್ಮ 'ವಿಚಾರಿಸಿದರು'. ಒಳ್ಳೆಯ ಪದವೇ. ಆದರೆ ಅಚ್ಚಿನ ಮನೆಯಲ್ಲಿ ಯಾರೋ ಕೈತಪ್ಪಿ 'ವಿಚಾರಿಸಿಕೊಂಡರು' ಅಂತ ಮಾಡಿದರೆ, ಶಾಸಕರು ಸಂತ್ರಸ್ತರಿಗೆ ಹೊಡೆದರು ಅಂತ ಊರೆಲ್ಲಾ ಸುದ್ದಿಯಾಗುತ್ತೆ!

ನಿಘಂಟು ನೋಡಿ ಅಂದಿರಿ. ನೋಡೋಣ. ಕಿಟ್ಟೆಲ್ ಅವರದ್ದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಮಾಡಿದ್ದು, ಸುಮಾರು 70,000 ಪದ. ನಮ್ಮ ಮಡಿಕೇರಿಯಲ್ಲೂ ಇದ್ದು ಹೋದ ಜರ್ಮನ್ ಪಾದ್ರಿ ಅವರು. ಹಳೆಯ ಕಾವ್ಯದ ಜೊತೆಗೆ ಜನರ ಬಾಯಲ್ಲಿದ್ದ ಮಾತು, ಗಾದೆಗಳನ್ನೂ ಸೇರಿಸಿಕೊಂಡರು. ಜನರನ್ನು ಮಾತಾಡಿಸದೆ ಗಾದೆ ಸಿಗುತ್ತಾ? 1924ರಲ್ಲಿ 'ಪಟ್ಟೋಲೆ ಪಳಮೆ' ತಂದ ನಡಿಕೇರಿಯಂಡ ಚಿಣ್ಣಪ್ಪನವರೂ ಅಷ್ಟೇ. ಬಾಯಿಂದ ಬಾಯಿಗೆ ಬಂದ ಕೊಡವ ಹಾಡುಗಳನ್ನು ಕೇಳಿ ಬರೆದುಕೊಂಡರು. ಅವರು ಸಂವಾದ ಏರ್ಪಡಿಸಿದ್ದರೆ ಹಾಡುವವರು ನಾಚಿಕೊಂಡು ಕಾಫಿ ಕುಡಿದು ಎದ್ದುಹೋಗುತ್ತಿದ್ದರು ಅಂತ ನನ್ನ ಅನುಮಾನ.

ಕೊಡವ ತಕ್ಕ್ ಅನ್ನುತ್ತೇವಲ್ಲ, ತಕ್ಕ್ ಅಂದರೇ ಮಾತು. 2001ರ ಜನಗಣತಿಯಲ್ಲಿ ಅದನ್ನು ತಾಯ್ಮಾತು ಅಂತ ಬರೆಸಿದವರು 1,66,187 ಮಂದಿ. 2011ಕ್ಕೆ 1,13,857. ಹತ್ತು ವರ್ಷಕ್ಕೆ ಇಷ್ಟು! ಕಾರಣ ಹತ್ತು ಹೇಳಬಹುದು. ನನಗೆ ಕಾಣುವುದು ಒಂದೇ, ಮಕ್ಕಳನ್ನು ಮನೆಯಲ್ಲಿ ಆ ಮಾತಲ್ಲಿ ಮಾತಾಡಿಸುವವರು ಕಡಿಮೆಯಾದರು. ನಮ್ಮ ಕನ್ನಡದ ಮನೆಗಳೇನು ಕಮ್ಮಿ ಇಲ್ಲ, ಬಿಡಿ. ಮಗು ಬಂದರೆ 'ಅಂಕಲ್‌ಗೆ ಹಾಯ್ ಹೇಳು' ಅನ್ನುತ್ತೇವೆ. ಅದು ಹಾಯ್ ಅಂದು ಮತ್ತೆ ಮೊಬೈಲಿಗೆ ತಲೆ ಹಾಕುತ್ತೆ. ಮದುವೆಮನೆಯಲ್ಲಿ 'ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ' ಅಂತ ಮುನಿಸಿಕೊಳ್ಳುತ್ತಿದ್ದ ಚಿಕ್ಕಮ್ಮಂದಿರೂ ಈಗ ಕಡಿಮೆ. ಮುನಿಸಿಗಾದರೂ ಒಂದು ನಿರೀಕ್ಷೆ ಬೇಕಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ನಾನೂ ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಮೂಲೆಯಲ್ಲಿ ಒಬ್ಬರು ಮುದುಕಿ ಯಾರೋ ಕೊಟ್ಟ ಹೊಸ ಕಂಬಳಿಯನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಪೆನ್ನು ತೆಗೆದೆ. 'ಬರೆಯೋಕೆ ಬಂದದ್ದಾ, ಮಾತಾಡಿಸೋಕೆ ಬಂದದ್ದಾ?' ಅಂದರು. ಪೆನ್ನು ಜೇಬಿಗೆ ಹೋಯಿತು. ಅವತ್ತಿನಿಂದ ಈ ಪತ್ರಿಕೆಯಲ್ಲಿ ಆ ಪದವನ್ನು ಯಾರೂ ತಿದ್ದಬಾರದು ಅಂತ ಹೇಳಿಟ್ಟಿದ್ದೇನೆ, ನಿಮ್ಮ ಸಲಹೆಯನ್ನು ಒಪ್ಪದಿರುವುದು ಅದಕ್ಕೇ.

ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. 'ಚಂದಾ ಕಟ್ಟಲು ಹೋದ ತಿಂಗಳು ನಿಮ್ಮ ಕಚೇರಿಗೆ ಬಂದು ಅರ್ಧ ಗಂಟೆ ನಿಂತಿದ್ದೆ, ಒಬ್ಬರೂ ಮಾತಾಡಿಸಲಿಲ್ಲ.' ಅಲ್ಲಿ ನೀವು ಸಂವಾದ ನಡೆಸಲಿಲ್ಲ ಅಂತ ಬರೆದಿಲ್ಲ, ಗಮನಿಸಿ. ನಗು ಬಂತು, ಆಮೇಲೆ ನಗು ನಿಂತುಹೋಯಿತು. ನೀವು ಹೇಳಿದ ದಿನ ಕಚೇರಿ ಹುಡುಗ ರಜೆ. ಬಾಗಿಲ ಪಕ್ಕದ ಮೇಜಿನಲ್ಲಿ ತಲೆ ಬಗ್ಗಿಸಿ ಫೋನ್ ಉಜ್ಜುತ್ತಿದ್ದ ಬಿಳಿಗಡ್ಡದವನು ನಾನೇ.