ಸ್ವಂತ ದುಡಿಮೆಯಲ್ಲಿ ನೆಮ್ಮದಿ ಜಾಸ್ತಿಯೇ, ಸಂಬಳದ ಕೆಲಸದಲ್ಲೇ?

ಇದು ಬರೀ ಸ್ವಭಾವದ ಅಥವಾ ದುಡ್ಡಿನ ಮಾತಲ್ಲ. ಬೆನ್ನ ಹಿಂದೆ ಯಾವ ಕಾನೂನು, ಯಾವ ವ್ಯವಸ್ಥೆ ನಿಂತಿದೆ ಅನ್ನುವುದೂ ಅಷ್ಟೇ ಮುಖ್ಯ.

ಕಾಯಿಲೆ ಬಿದ್ದಾಗ ಏನಾಗುತ್ತದೆ ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಚಿಕಿತ್ಸೆ ಸಿಗುತ್ತದೆ. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕೂಲಿಯ ಶೇ. 70ರಷ್ಟು ಹಣವೂ ವರ್ಷಕ್ಕೆ 91 ದಿನಗಳವರೆಗೆ ಬರುತ್ತದೆ. ಇದಕ್ಕೆ ಅವಳ ಸಂಬಳದಿಂದ ಹೋಗುವುದು ಶೇ. 0.75, ಮಾಲೀಕರು ಕಟ್ಟುವುದು ಶೇ. 3.25. ಅದೇ ಫ್ಯಾಕ್ಟರಿ ಗೇಟಿನ ಎದುರು ಇಡ್ಲಿ ಮಾರುವಾಕೆ ಮಲಗಿದರೆ? ಅಂದಿನ ವ್ಯಾಪಾರ ಹೋಯಿತು, ಔಷಧಿ ಖರ್ಚು ಮೇಲೆ ಬಿತ್ತು. ತನಗೆ ತಾನೇ ಯಜಮಾನಿ ಅನ್ನುವ ಖುಷಿ ಅವಳಿಗಿದೆ, ನಿಜ. ಆದರೆ ಆ ಖುಷಿ ಉಳಿಯಲು ಆಸರೆ ಬೇಕು, ಅಲ್ವಾ?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಆ ಕೆಲಸ ಮಾಡಬಲ್ಲದು. ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಜಾಗದಿಂದ ಸುಮ್ನೆ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು. 2020ರಲ್ಲಿ ಬಂದ ಪಿಎಂ ಸ್ವನಿಧಿ ಅನ್ನುವ ಕೇಂದ್ರ ಸರ್ಕಾರದ ಯೋಜನೆ ಬೀದಿ ವ್ಯಾಪಾರಿಗಳಿಗೆ ಮೊದಲಿಗೆ 10,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಕೊಟ್ಟಿತು. ಆದರೆ ನನ್ನ ಪ್ರಕಾರ ಸಾಲಕ್ಕಿಂತ ದೊಡ್ಡದು, ನಾಳೆಯೂ ಇದೇ ಜಾಗದಲ್ಲಿ ಗಾಡಿ ನಿಲ್ಲಿಸಬಹುದು ಅನ್ನುವ ಭರವಸೆ.

ಸಂಬಳದವರೆಲ್ಲ ಸುಖವಾಗಿದ್ದಾರೆ ಅಂತಲ್ಲ. ಪಿಎಫ್, ಇಎಸ್‌ಐ ಯಾವುದೂ ಇಲ್ಲದ ಗುತ್ತಿಗೆ ನೌಕರನ ಬದುಕು ಗಾಡಿ ವ್ಯಾಪಾರಿಯಷ್ಟೇ ಅಭದ್ರ. ಇಷ್ಟ ಬಂದಾಗ ಅಂಗಡಿ ತೆರೆಯುವ ಸ್ವಾತಂತ್ರ್ಯವೂ ಅವನಿಗಿಲ್ಲ.