ಗಾಳಿ ನೋಡದೆ ಹಾಯಿ ಏರಿಸಬೇಡಿ

ಸಣ್ಣ ಹಾಯಿದೋಣಿ ಇಟ್ಟುಕೊಂಡವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲವೂ ಅರ್ಧಕ್ಕರ್ಧ ಒಂದೇ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತಿರುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮಾಸ್ಟ್ (ಹಾಯಿ ಕಟ್ಟುವ ಕಂಬ) ನಿಲ್ಲಿಸುವುದು, ಗಂಟು ಹಾಕುವುದು ಇಲ್ಲಿಲ್ಲ. ಅವು ಬಾರದವರು ದೋಣಿ ಇಳಿಸುವ ಮಾತನ್ನೇ ಎತ್ತಬಾರದು.

ಮನೆ ಸರೋವರದ ದಡದಲ್ಲೇ ಇದೆ. 14 ಅಡಿಯ ಫೈಬರ್ ದೋಣಿ. ಅಂಗಳದಲ್ಲೇ ಹಾಯಿ ಏರಿಸಿ ಟ್ರಾಲಿಯಲ್ಲಿ ತಳ್ಳುತ್ತೇವೆ. ಕೆಲವು ದಿನ ಟ್ರಾಲಿಯ ಮೇಲೇ ವಾಲುತ್ತದೆ, ಕೆಲವು ದಿನ ನೀರಿಗಿಳಿದ ಕೂಡಲೇ ತಿರುಗಿ ದಡಕ್ಕೇ ಬಡಿಯುತ್ತದೆ. ಸಣ್ಣ ಎಂಜಿನ್ ಹಾಕಿಸಲೇ?

ಬೇಡ. ಇಷ್ಟು ಚಿಕ್ಕ ದೋಣಿಯ ಹಿಂಬದಿಗೆ ಎಂಜಿನ್ ತೂಗುಹಾಕಿದರೆ ಹಿಂಬದಿ ತಗ್ಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ನಿಮ್ಮ ತಪ್ಪು ಇಷ್ಟೇ: ಗಾಳಿ ದಿನವೂ ದಿಕ್ಕು ಬದಲಿಸುತ್ತದೆ, ನೀವು ಮಾತ್ರ ಒಂದೇ ರೀತಿ ಇಳಿಸುತ್ತೀರಿ. ದಡದಲ್ಲೇ ಮನೆ ಇರುವವರಿಗೆ ಈ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ.

ಮಾಸ್ಟಿನ ಹಿಂದಿನ ದೊಡ್ಡ ಹಾಯಿ, ಅಂದರೆ ಮೇನ್ ಹಾಯಿ ಏರಿಸುವಾಗ ದೋಣಿಯ ಮೂತಿ ಗಾಳಿಗೆ ಎದುರಾಗಿರಬೇಕು, ಹಾಯಿಯನ್ನು ಬಿಗಿಸುವ, ಸಡಿಲಿಸುವ ಶೀಟ್ ಹಗ್ಗ ಪೂರ್ತಿ ಸಡಿಲವಿರಬೇಕು. ಆಗ ಹಾಯಿ ಬಾವುಟದಂತೆ ಪಟಪಟಿಸುತ್ತದೆಯೇ ಹೊರತು ಗಾಳಿ ತುಂಬಿಕೊಳ್ಳುವುದಿಲ್ಲ. ಗಾಳಿ ಹಿಂದಿನಿಂದ ಬೀಸುವಾಗ ಏರಿಸಿದರೆ ಹಾಯಿಯ ಕೆಳ ಅಂಚಿನ ಅಡ್ಡಕೋಲು, ಅಂದರೆ ಬೂಮ್, ಹೊರಗೆ ಹೋಗಿ ಮಾಸ್ಟಿನ ಪಕ್ಕದ ತಂತಿಗೆ ತಾಗಿ ನಿಲ್ಲುತ್ತದೆ. ಅದಕ್ಕಿಂತ ಆಚೆ ಹೋಗಲಾರದು. ಹಾಯಿ ತುಂಬಿಕೊಳ್ಳುತ್ತದೆ, ದೋಣಿ ಟ್ರಾಲಿಯ ಮೇಲೇ ಮಗುಚುತ್ತದೆ.

ಗಾಳಿ ನೀರಿನ ಕಡೆಯಿಂದ ಮನೆಯತ್ತ ಬೀಸುತ್ತಿದ್ದರೆ ಮೂತಿ ನೀರಿನತ್ತ ಮಾಡಿ ದಡದಲ್ಲೇ ಹಾಯಿ ಏರಿಸಬಹುದು. ದೋಣಿ ತಾನಾಗಿ ತೇಲುವವರೆಗೂ ಟ್ರಾಲಿ ಇಳಿಸಿ. ಒಬ್ಬರು ಮೂತಿ ಹಿಡಿದು ಸೊಂಟದಾಳಕ್ಕೆ ನಡೆಯಲಿ, ಇನ್ನೊಬ್ಬರು ಟ್ರಾಲಿಯನ್ನು ದಡದ ಮೇಲಿಟ್ಟು ಬರಲಿ. ಗಾಳಿ ದಡಕ್ಕೆ ನೇರವಾಗಿ ಬೀಸುವುದು ಅಪರೂಪ, ಒಂದು ಪಕ್ಕಕ್ಕೆ ಓರೆಯಾಗಿರುತ್ತದೆ. ಎಡಕ್ಕೆ ಹೊರಟರೆ ಬೇಗ ದಡ ಬಿಡುತ್ತೇವೋ ಬಲಕ್ಕೋ ಎಂಬುದನ್ನು ಹತ್ತುವ ಮೊದಲೇ ತೀರ್ಮಾನಿಸಿ. ಸೆಂಟರ್‌ಬೋರ್ಡನ್ನು (ತಳದ ನಡುವಿನಿಂದ ನೀರಿಗಿಳಿಸುವ ಹಲಗೆ) ಅರ್ಧವಾದರೂ ಇಳಿಸದೆ ಹೊರಟರೆ ದೋಣಿ ಅಡ್ಡಕ್ಕೆ ಜಾರಿಕೊಂಡು ದಡಕ್ಕೆ ಬರುತ್ತದೆ. ನಿಮಗೆ ಆಗುತ್ತಿರುವುದು ಬಹುತೇಕ ಇದೇ. ಜೊತೆಗೆ, ಹೊರಟ ಕೂಡಲೇ ಗಾಳಿಗೆ ತೀರ ಎದುರು ಹೋಗಲು ಹೆಣಗಬೇಡಿ. ಮೂತಿಯನ್ನು ಸ್ವಲ್ಪ ಪಕ್ಕಕ್ಕೆ ಬಿಟ್ಟು ವೇಗ ಗಳಿಸಿ. ವೇಗವಿಲ್ಲದೆ ಚುಕ್ಕಾಣಿ ಮಾತು ಕೇಳುವುದಿಲ್ಲ.

ಅಲೆ ಇರುವಾಗ ದೋಣಿಗೂ ದಡಕ್ಕೂ ನಡುವೆ ಯಾರೂ ನಿಲ್ಲಕೂಡದು. ಒಳಗೆ 100 ಲೀಟರ್ ನೀರು ಸೇರಿದ್ದರೆ ದೋಣಿಯ ಭಾರದ ಮೇಲೆ ಇನ್ನೂ 100 ಕಿಲೋ ಮೊಣಕಾಲಿಗೆ ಬಂದು ಗುದ್ದುತ್ತದೆ.

ನನಗೆ ನಿಜಕ್ಕೂ ಭಯವಿರುವುದು ಮನೆಯ ಕಡೆಯಿಂದ ನೀರಿನತ್ತ ಬೀಸುವ ಗಾಳಿಯ ಬಗ್ಗೆ. ಮನೆಯೂ ಮರಗಳೂ ಗಾಳಿ ತಡೆಯುವುದರಿಂದ ದಡದ ನೀರು ಕದಲದೆ ನಿಂತಿರುತ್ತದೆ. ಕಿಟಕಿಯಿಂದ ನೋಡಿ ‘ಇವತ್ತು ಶಾಂತವಾಗಿದೆ’ ಎಂದು ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಮರೆ ದಾಟಿದ ಮೇಲೆ ಗಾಳಿ ಒಮ್ಮೆಲೇ ಬಂದು ಹೊಡೆಯುತ್ತದೆ, ಮನೆಗೆ ಹಿಂದಿರುಗುವ ದಾರಿಯೆಲ್ಲ ಗಾಳಿಗೆದುರು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಆದ್ದರಿಂದ ದಡದ ನೀರು ನೋಡಬೇಡಿ, ದೂರದ ನೀರು ನೋಡಿ. ಬಿಳಿ ನೊರೆ ಅಲ್ಲೊಂದು ಇಲ್ಲೊಂದು ಕಂಡರೆ ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದ 3, ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ನೊರೆ ಎಲ್ಲೆಡೆ ಕಂಡರೆ 20 ದಾಟಿದೆ. ಹೊಸಬರು ಅಂಥ ದಿನ ಹೊರಡಲೇಬಾರದು. ಗಾಳಿ ಹದವಾಗಿದ್ದರೂ ಹಾಯಿಯನ್ನು ದಡದಲ್ಲಿ ಏರಿಸಬೇಡಿ. ದೋಣಿ ತೇಲಿಸಿ, ಮೂತಿ ಮನೆಯತ್ತ ತಿರುಗಿಸಿ ಹಿಡಿದು, ಆಮೇಲೆ ಏರಿಸಿ, ಹಿಂದಕ್ಕೆ ತಳ್ಳಿ ಹತ್ತಿ. ಹುಟ್ಟು ಒಳಗಿರಲಿ.

ಗಾಳಿ ದಡದತ್ತ ಇರುವ ದಿನ ಹಿಂದಿರುಗುವಾಗ ದೂರದಲ್ಲೇ ಗಾಳಿಗೆ ಎದುರು ತಿರುಗಿ ಮೇನ್ ಹಾಯಿ ಇಳಿಸಿಬಿಡಿ, ಮುಂದಿನ ಸಣ್ಣ ಹಾಯಿ ಜಿಬ್ ಒಂದರಲ್ಲೇ ಮೆಲ್ಲಗೆ ಬನ್ನಿ. ಆಳ ಕಡಿಮೆಯಾಗುವ ಮೊದಲೇ ಸೆಂಟರ್‌ಬೋರ್ಡೂ ಚುಕ್ಕಾಣಿಯ ಹಲಗೆಯೂ ಮೇಲೆ ಬರಬೇಕು.

ಉಪ್ಪುನೀರಲ್ಲವಲ್ಲ, ವರ್ಷವಿಡೀ ನೀರಲ್ಲೇ ಕಟ್ಟಿಬಿಡಬಹುದೇ?

ಕೂಡದು. ಸಿಹಿನೀರು ಫೈಬರ್‌ಗೆ ಏನೂ ಮಾಡದು ಎಂಬುದು ಶುದ್ಧ ಸುಳ್ಳು. ಜೆಲ್‌ಕೋಟ್ (ಫೈಬರಿನ ಹೊಳಪಿನ ಹೊರಪದರ) ಮೂಲಕ ನೀರು ನಿಧಾನವಾಗಿ ಒಳಗಿಳಿದು, ಗಾಜಿನ ನಾರನ್ನು ಹಿಡಿದಿಟ್ಟ ಅಂಟು, ಅಂದರೆ ರೆಸಿನ್‌ನಲ್ಲಿ ಉಳಿದ ರಾಸಾಯನಿಕಗಳನ್ನು ಕರಗಿಸುತ್ತದೆ. ಆ ದ್ರಾವಣ ಇನ್ನಷ್ಟು ನೀರು ಎಳೆದುಕೊಂಡು ತಳದಲ್ಲಿ ಗುಳ್ಳೆ ಏಳುತ್ತದೆ. ಈ ಸೆಳೆತ ಉಪ್ಪುನೀರಿಗಿಂತ ಸಿಹಿನೀರಲ್ಲೇ ಹೆಚ್ಚು. ಮನೆ ದಡದಲ್ಲೇ ಇದ್ದೂ ಮೇಲೆಳೆದಿಡಲು ಸೋಮಾರಿತನವೇಕೆ? ನೀರು ಬಸಿಯುವ ತೂತಿನ ಬೂಚು ತೆಗೆದು, ಮೂತಿ ಎತ್ತರಿಸಿ, ಹೊದಿಕೆಯ ಕೆಳಗೆ ಗಾಳಿಯಾಡುವಂತೆ ಇಡಿ. ತೆಗೆದ ಬೂಚನ್ನು ಚುಕ್ಕಾಣಿಗೆ ಕಟ್ಟಿಡಿ, ಇಳಿಸುವ ದಿನ ಮರೆಯುವುದಿಲ್ಲ.

ತಳ ಸೋರುತ್ತಿದೆ. ಹೊರಗಿನಿಂದ ಸಿಲಿಕೋನ್ ಬಳಿದರೆ ಸಾಕು ಎಂದು ರಿಪೇರಿಯವರು ಹೇಳುತ್ತಾರೆ.

ಅವರನ್ನು ದೋಣಿಯ ಹತ್ತಿರ ಬಿಡಬೇಡಿ. ಸಿಲಿಕೋನ್ ಅಂಟಿದ ಜಾಗಕ್ಕೆ ಮುಂದೆ ರೆಸಿನ್ನೂ ಹಿಡಿಯದು, ಬಣ್ಣವೂ ಹಿಡಿಯದು. ಬಿರುಕನ್ನು ಉಜ್ಜಿ, ಪೂರ್ತಿ ಒಣಗಿಸಿ, ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಅಂಟಿನಿಂದ ಮುಚ್ಚಬೇಕು.

ಹಾಯಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದೇ?

ಇಲ್ಲ. ತಣ್ಣೀರು, ಮೆದು ಸೋಪು, ನೆರಳು.

ಚೆನ್ನಾಗಿ ಈಜು ಬರುತ್ತದೆ. ಲೈಫ್ ಜಾಕೆಟ್ ಬೇಕೇ?

ಬೇಕೇ ಬೇಕು. ಬೂಮ್ ತಲೆಗೆ ಬಡಿದು ಪ್ರಜ್ಞೆ ತಪ್ಪಿದರೆ ಈಜು ನೆರವಿಗೆ ಬಾರದು.

ಅಂಗಳದಿಂದ ದಡಕ್ಕೆ ಹೋಗುವ ದಾರಿಯ ಮೇಲೆ ಕರೆಂಟಿನ ತಂತಿ ಹಾದಿದೆ. ನಿಲ್ಲಿಸಿದ ಮಾಸ್ಟಿಗೂ ತಂತಿಗೂ ಒಂದಡಿ ಅಂತರವಿದೆ. ಸಾಕಲ್ಲವೇ?

ಸಾಲದು! ಅಲ್ಯೂಮಿನಿಯಂ ಮಾಸ್ಟಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕಾರ್ಬನ್ ಮಾಸ್ಟಿನಲ್ಲೂ ಹರಿಯುತ್ತದೆ. ಟ್ರಾಲಿಯ ಚಕ್ರ ಒಂದು ಕಲ್ಲು ಹತ್ತಿದರೆ ಸಾಕು, ಮಾಸ್ಟಿನ ತುದಿ ಒಂದಡಿಗಿಂತ ಹೆಚ್ಚೇ ತೂಗುತ್ತದೆ. ಹೈವೋಲ್ಟೇಜ್ ತಂತಿಯಾದರೆ ತಾಗುವ ಮೊದಲೇ ಕಿಡಿ ಹಾರುತ್ತದೆ. ಮಾಸ್ಟನ್ನು ಮಲಗಿಸಿಯೇ ದಾಟಿಸಿ, ತಂತಿಯಿಂದ ದೂರ ಹೋದ ಮೇಲೆ ನಿಲ್ಲಿಸಿ. ಹಿಂದಿರುಗಿದಾಗಲೂ ಮೊದಲು ದಡದಲ್ಲಿ ಮಾಸ್ಟ್ ಇಳಿಸಿ, ಆಮೇಲೆ ದೋಣಿಯನ್ನು ಅಂಗಳಕ್ಕೆ ಎಳೆಯಿರಿ.